ಸಾಲದ ಮೇಜಿನ ಕೆಳಗಿನ ಟೈಲು

ಸಾಲ ಕೇಳಲು ಹೋದವರು ಕುರ್ಚಿಯ ತುದಿಯಲ್ಲಿ ಕೂರುವುದು ಎಲ್ಲ ಕಡೆಯೂ ಇದ್ದದ್ದೇ. ಮೇಸ್ತ್ರಿಯೂ ತುದಿಯಲ್ಲೇ ಕೂತಿದ್ದ. ಅದನ್ನು ವಿನಯ ಅಂದುಕೊಂಡರೆ ತಪ್ಪಾದೀತು. ಅವನ ಕಣ್ಣು ಮೇಜಿನ ಕೆಳಗಿತ್ತು. ಆಚೆ ಬದಿಯಲ್ಲಿ ಸಾಲದ ಮೇಡಂ ಅವನ ಅರ್ಜಿಯ ಹಾಳೆ ತಿರುವುತ್ತ ತಮ್ಮ ಕುರ್ಚಿಯನ್ನು ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ ಉರುಳಿಸುತ್ತಿದ್ದರು. ಕುರ್ಚಿಯ ಚಕ್ರ ಒಂದು ಟೈಲಿನ ಮೇಲೆ ಬಂದಾಗಲೆಲ್ಲ ‘ಟೊಕ್’ ಎಂದು ಸದ್ದಾಗುತ್ತಿತ್ತು. ಬೇರೆ ಯಾರ ಕಿವಿಗೂ ಅದು ಸದ್ದೇ ಅಲ್ಲ. ಮೇಸ್ತ್ರಿಗೆ ಮಾತ್ರ ಪ್ರತಿ ಸಲವೂ ಯಾರೋ ತನ್ನನ್ನು ಹೆಸರು ಹಿಡಿದು ಕರೆದಂತಾಗುತ್ತಿತ್ತು.

ಯಾಕೆಂದರೆ ಆ ಬ್ಯಾಂಕಿನ ನೆಲಕ್ಕೆ ಟೈಲ್ಸ್ ಹಾಕಿದವನು ಅವನೇ. ಹನ್ನೊಂದು ವರ್ಷದ ಹಿಂದಿನ ಮಾತು. ಅಷ್ಟು ದೊಡ್ಡ ನೆಲದಲ್ಲಿ ಒಂದೇ ಒಂದು ಟೈಲಿನ ಅಡಿ ಗಾರೆ ಸಾಲದೆ ಟೊಳ್ಳು ಉಳಿದಿತ್ತು. ಊರಿನ ದುರದೃಷ್ಟವೆಲ್ಲ ಒಟ್ಟುಗೂಡಿ ಸಾಲದ ಮೇಜನ್ನು ಆ ಟೈಲಿನ ಪಕ್ಕಕ್ಕೇ ತಂದಿಟ್ಟಿತ್ತು.

ಮೇಡಂ ಹಾಳೆಗಳಿಂದ ತಲೆ ಎತ್ತಿದರು. ನಲವತ್ತು ದಾಟಿದ ಹೆಂಗಸು. ಮಾತು ಕಡಿಮೆ, ಪೆನ್ನು ಚುರುಕು.

“ಸಂಬಳದ ಚೀಟಿ ಇಲ್ಲ.”

“ಸಂಬಳ ಇಲ್ಲ ಮೇಡಂ. ಸ್ವಂತ ಕೆಲಸ.”

“ಕಚೇರಿ ವಿಳಾಸ ಅನ್ನೋ ಜಾಗ ಖಾಲಿ ಬಿಟ್ಟಿದೀರಿ.”

“ಯಾರ ಮನೆ ನೆಲದ ಮೇಲೆ ಮೊಣಕಾಲೂರಿದ್ದೀನೋ ಅದೇ ಕಚೇರಿ. ಈ ವಾರ ಒಂದು ಔಟ್‌ಹೌಸು, ಮುಂದಿನ ವಾರ ಒಂದು ಸ್ನಾನದ ಮನೆ.”

ಮೇಡಂ ನಗಲಿಲ್ಲ. ತೆರಿಗೆಯ ಕಾಗದ ಎತ್ತಿ ಹಿಡಿದರು. ಎರಡು ವರ್ಷದಿಂದ ಮಾತ್ರ ಕಟ್ಟಿದ್ದು. ಅದೂ ಒಬ್ಬ ಏಜೆಂಟ್ ಹೇಳಿದ ಹಾಗೆ, ಆದಾಯವನ್ನು ಆದಷ್ಟು ಇಳಿಸಿ ತುಂಬಿದ್ದು. “ಈ ಲೆಕ್ಕದ ಪ್ರಕಾರ ನೀವು ಮೂರು ಜನ ಎರಡು ಹೊತ್ತು ಊಟ ಮಾಡೋದೇ ಅನುಮಾನ. ಇಪ್ಪತ್ತು ವರ್ಷ ಕಂತು ಹೇಗೆ ಕಟ್ತೀರಿ?”

ಪಕ್ಕದಲ್ಲಿ ಕೂತಿದ್ದ ಹೆಂಡತಿಗೆ ಸುಮ್ಮನಿರಲು ಆಗಲಿಲ್ಲ. ಔಷಧಿ ಅಂಗಡಿಯ ಕೌಂಟರಿನಲ್ಲಿ ಅರ್ಧ ದಿನ ನಿಲ್ಲುವವಳು, ಎದುರಿಗಿದ್ದವರ ಮುಖ ನೋಡಿ ಮಾತಾಡಿ ಗೊತ್ತು. “ಮೇಡಂ, ಇವರ ಕೆಲಸ ನೋಡ್ಬೇಕು ಅಂದ್ರೆ ದೂರ ಹೋಗೋದೇ ಬೇಡ. ಇದೇ ನಿಮ್ಮ...”

ಮೇಸ್ತ್ರಿ ಮೇಜಿನ ಕೆಳಗೆ ಅವಳ ಕಾಲನ್ನು ಎರಡು ಸಲ ತುಳಿದ. ಅವಳು ಮಾತು ನುಂಗಿಕೊಂಡಳು. ಆದರೆ ನುಂಗಿದ್ದು ಅರಗಲಿಲ್ಲ ಎಂಬುದು ಅವಳ ಮುಖದಲ್ಲೇ ಕಾಣುತ್ತಿತ್ತು.

ಮನೆಗೆ ಬಂದ ಮೇಲೆ, ಚಪ್ಪಲಿ ಬಿಡುವ ಮೊದಲೇ ಕೇಳಿದಳು. “ಯಾಕ್ರೀ ತುಳಿದ್ರಿ?”

“ತಗುಲಿತು.”

“ಎರಡು ಸಲ ತಗುಲಿತಾ?”

ಮೇಸ್ತ್ರಿ ಬಚ್ಚಲಿಗೆ ಹೋಗಿ, ಆಗಲೇ ತೊಳೆದಿದ್ದ ಕೈಯನ್ನು ಇನ್ನೊಮ್ಮೆ ತೊಳೆದ.

ಮನೆ ಎಂದರೆ ಎರಡು ಕೋಣೆ, ಬಾಡಿಗೆಯದ್ದು. ಮಗಳಿಗೆ ಹನ್ನೊಂದು ವರ್ಷ, ಅಷ್ಟರಲ್ಲಿ ಇದು ಏಳನೆಯ ಮನೆ. ಮಗನಿಗೆ ಮನೆ ಬೇಕು, ಎರಡು ತಿಂಗಳಲ್ಲಿ ಖಾಲಿ ಮಾಡಿ ಎಂದು ಓನರ್ ಹೇಳಿದ್ದರು. ಮಗಳು ಈ ಸಲ ಅಳಲಿಲ್ಲ. ತನ್ನ ಪುಸ್ತಕಗಳನ್ನು ತಾನೇ ರಟ್ಟಿನ ಪೆಟ್ಟಿಗೆಗೆ ತುಂಬಿಟ್ಟು, “ಈಗ್ಲೇ ತುಂಬಿಟ್ರೆ ಆಮೇಲೆ ಗಡಿಬಿಡಿ ಇರಲ್ಲ” ಅಂದಳು. ಮನೆ ಬಿಡುವುದರಲ್ಲಿ ಮಗು ಪಳಗಿಬಿಟ್ಟಿತಲ್ಲ ಎಂದು ಮೇಸ್ತ್ರಿಗೆ ಸಂಕಟವಾಯಿತು. ಅತ್ತಿದ್ದರೇ ವಾಸಿಯಿತ್ತು.

ಓನರ್ ಹಾಗೆಂದ ವಾರವೇ ಪರಿಚಯದ ಡ್ರಿಲ್ ಮಾಸ್ತರರೊಬ್ಬರು ಸಿಕ್ಕಿದ್ದರು. ನಿವೃತ್ತರಾಗಿ ಊರಾಚೆ ಹೊಸ ಮನೆ ಕಟ್ಟಿಸುತ್ತಿದ್ದವರು, ಮೂರನೇ ಮಹಡಿಯ ತಮ್ಮ ಹಳೇ ಫ್ಲಾಟು ಮಾರಬೇಕೆಂದಿದ್ದರು. ಎರಡು ಮಲಗುವ ಕೋಣೆ, ಬೆಳಗಿನ ಬಿಸಿಲು ಬೀಳುವ ಅಡುಗೆಮನೆ. “ಎರಡು ತಿಂಗಳು ಬೇರೆಯವರಿಗೆ ಕೊಡಲ್ಲ. ಅಷ್ಟರಲ್ಲಿ ಸಾಲ ಮಾಡ್ಕೊಂಡು ಬನ್ನಿ” ಅಂದಿದ್ದರು. ಮೇಸ್ತ್ರಿ ಎರಡು ಬ್ಯಾಂಕಿಗೆ ಹೋಗಿ ಬರಿಗೈಯಲ್ಲಿ ವಾಪಸು ಬಂದಿದ್ದ. ಮೂರನೆಯದು, ಹನ್ನೊಂದು ವರ್ಷದಿಂದ ಅವನು ರಸ್ತೆ ಬದಲಿಸಿಯಾದರೂ ತಪ್ಪಿಸಿಕೊಳ್ಳುತ್ತಿದ್ದ ಇದೇ ಬ್ಯಾಂಕು. ಇಲ್ಲಿಯೂ ಆಗದಿದ್ದರೆ ಎಂಟನೆಯ ಬಾಡಿಗೆ ಮನೆ, ಐದನೆಯ ಶಾಲೆ.

ಸಾಲದ ಮೇಡಂ ಮಾತ್ರ ಅರ್ಜಿಯನ್ನು ಮುಖಕ್ಕೆ ಎಸೆದಿರಲಿಲ್ಲ. ಹೊರಡುವಾಗ ಒಂದು ಪ್ರಶ್ನೆ ಕೇಳಿದ್ದರು. “ಟೈಲ್ಸ್ ಲಾರಿಯಿಂದ ಇಳಿಸ್ಕೊಳ್ಳುವಾಗ ಸಹಿ ಯಾರು ಹಾಕ್ತಾರೆ?”

“ನಾನೇ ಮೇಡಂ. ಒಡೆದದ್ದು ಎಷ್ಟು, ಸರಿಯಿದ್ದದ್ದು ಎಷ್ಟು ಅಂತ ಎಣಿಸಿ ಹಾಕ್ತೀನಿ.”

“ಹಾಗಾದ್ರೆ ಅಂಗಡಿಯವರ ಹತ್ರ ಆ ಚೀಟಿಗಳ ನಕಲು ಇರುತ್ತೆ. ಮೂರು ವರ್ಷದ್ದು ತನ್ನಿ. ಎಷ್ಟು ಅಡಿ ಹಾಕಿದ್ರಿ ಅಂತ ಗೊತ್ತಾದ್ರೆ ಕೂಲಿ ಎಷ್ಟು ಅಂತ ನಾನು ಲೆಕ್ಕ ಹಾಕ್ಕೊಳ್ತೀನಿ. ಈ ವರ್ಷದ ತೆರಿಗೆ ಮಾತ್ರ ಸರಿಯಾಗಿ ತುಂಬಿ. ಇದ್ದದ್ದನ್ನ ಇದ್ದ ಹಾಗೆ. ಆ ಏಜೆಂಟಿಗೆ ಒಂದು ನಮಸ್ಕಾರ ಹಾಕಿ ಬಿಟ್ಬಿಡಿ.”

ಈ ದಾರಿ ಮೇಸ್ತ್ರಿಗೆ ಹೊಳೆದಿರಲಿಲ್ಲ. ಅಂಗಡಿಯ ಗೋದಾಮಿನಲ್ಲಿ ಎರಡು ಮಧ್ಯಾಹ್ನ ಕೂತು, ಇಲಿ ಕಡಿದ ಕಟ್ಟುಗಳನ್ನೆಲ್ಲ ಬಿಚ್ಚಿ, ನೂರಾ ಹದಿನೆಂಟು ಚೀಟಿ ಆರಿಸಿದ. ಒಂದೊಂದರ ಕೆಳಗೂ ಅವನದೇ ಸೊಟ್ಟ ಸಹಿ. ಹೆಂಡತಿ ಅವನ್ನು ತಿಂಗಳವಾರು ಜೋಡಿಸಿ, ದಾರ ಹಾಕಿ ಹೊಲಿದಳು. ತೆರಿಗೆಯನ್ನೂ ಇದ್ದ ಹಾಗೆ ಕಟ್ಟಿದರು. ಕೂಡಿಟ್ಟಿದ್ದರಲ್ಲಿ ಒಂದು ಪಾಲು ಅಲ್ಲಿಗೇ ಹೋಯಿತು. ಹೊಟ್ಟೆ ಉರಿದರೂ ಮೇಸ್ತ್ರಿಗೆ ಒಳಗೊಳಗೇ ಒಂದು ಹೆಮ್ಮೆ. ಇಷ್ಟು ನೆಲ ಹಾಕಿದ್ದೀನಾ ನಾನು ಎಂದು ಅವನಿಗೇ ಗೊತ್ತಿರಲಿಲ್ಲ.

ಎರಡನೇ ಸಲ ಹೋದಾಗ ಮೇಡಂ ಚೀಟಿಯ ಕಟ್ಟನ್ನು ಪೂರ್ತಿ ನೋಡಿದರು. ಅರ್ಧ ಗಂಟೆ. ಕುರ್ಚಿ ಹಿಂದೆ, ಮುಂದೆ. ಟೊಕ್. ಟೊಕ್.

“ಇದು ಚೆನ್ನಾಗಿದೆ. ಆದ್ರೆ ಬರೀ ಮೂರು ವರ್ಷದ್ದು. ಇಪ್ಪತ್ತು ವರ್ಷದ ಸಾಲ ಕೊಡೋರು ಹಿಂದಕ್ಕೂ ನೋಡ್ತಾರೆ. ಈ ಮನುಷ್ಯ ಇದೇ ಕಸುಬಲ್ಲಿ ಬಹಳ ಕಾಲ ನಿಂತಿದಾನೆ ಅಂತ ಮೇಲಿನವರಿಗೆ ನಾನು ಬರೀಬೇಕು. ಹಳೇ ಕೆಲಸ ಒಂದು, ನಾನು ಹೋಗಿ ನೋಡುವಂಥದ್ದು, ಹೇಳಿ.”

ಮೇಸ್ತ್ರಿ ಯೋಚಿಸಿದ. ಹತ್ತು ವರ್ಷದ ಹಿಂದಿನ ಮನೆಗಳಲ್ಲಿ ಎರಡು ಕೈ ಬದಲಾಗಿದ್ದವು. ಒಂದರ ನೆಲವನ್ನು ಕಿತ್ತು ಹಲ್ಲಿನ ದವಾಖಾನೆ ಮಾಡಿದ್ದರು. ಇನ್ನೊಂದರ ಯಜಮಾನರು ತೀರಿಕೊಂಡಿದ್ದರು. ಕೆಲಸ ಕಲಿಸಿದ ಸೋದರಮಾವ ಇದ್ದಿದ್ದರೆ ಬಂದು ಸಾಕ್ಷಿ ಹೇಳುತ್ತಿದ್ದ, ಅವನೂ ಇಲ್ಲ. ಜನರ ಕಾಲ ಕೆಳಗೆ ಬದುಕೆಲ್ಲ ಹಾಸಿ ಬಂದವನಿಗೆ, ಇಗೋ ಇದು ನನ್ನದು ಎಂದು ಬೆರಳು ಮಾಡಲು ಒಂದು ನೆಲವಿರಲಿಲ್ಲ. ಇದ್ದದ್ದು ಒಂದೇ. ಅದರ ಮೇಲೆ ಅವನು ಕಾಲಿಟ್ಟು ಕೂತಿದ್ದ.

ಹೆಂಡತಿ ಈ ಸಲ ತುಳಿಸಿಕೊಳ್ಳಬಾರದೆಂದು ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡು, ಅವನ ಮುಖವನ್ನೇ ನೋಡುತ್ತ ಕೂತಳು.

ಹೇಳಿದರೆ ಕೆಲಸ ಆದೀತು. ಆದರೆ ನೆಲ ನನ್ನದು ಎಂದರೆ ಟೊಳ್ಳೂ ನನ್ನದೇ ಆಗುತ್ತದೆ. ಕೆಲಸ ಗೊತ್ತಿಲ್ಲದವನಿಗೆ ಸಾಲ ಯಾಕೆ ಎಂದುಬಿಟ್ಟರೆ? ಅದಕ್ಕಿಂತ ಹೆಚ್ಚಾಗಿ, ತಪ್ಪು ಹಾಕಿ ಹನ್ನೊಂದು ವರ್ಷ ತಿರುಗಿ ನೋಡದವನು ಅಂತ ಹೆಂಡತಿಯ ಎದುರೇ ಒಪ್ಪಿಕೊಳ್ಳಬೇಕು. ಮೇಸ್ತ್ರಿಗಳಲ್ಲಿ ಅವನಿಗೆ ‘ರಸಮಟ್ಟ’ ಎಂದೇ ಅಡ್ಡಹೆಸರು. ಮಟ್ಟ ನೋಡುವ ಕೋಲಿನ ನೀರಿನ ಗುಳ್ಳೆ ಕೂದಲೆಳೆಯಷ್ಟು ಸರಿದರೂ ಕಿತ್ತು ಮತ್ತೆ ಹಾಕುವವನು. ಆ ಹೆಸರಿನ ಗತಿಯೇನು?

ಟೊಕ್.

“ಮೇಡಂ,” ಅಂದ ಮೇಸ್ತ್ರಿ, “ನಿಮ್ಮ ಕುರ್ಚಿ ಕೆಳಗಿನ ಟೈಲು ಟೊಳ್ಳು.”

“ಗೊತ್ತು. ನಾನಿಲ್ಲಿಗೆ ಬಂದು ಆರು ವರ್ಷ ಆಯ್ತು, ದಿನಾ ಕೇಳ್ತೀನಿ. ಯಾವ ಪುಣ್ಯಾತ್ಮ ಹಾಕಿದ್ನೋ.”

“ನಾನೇ ಹಾಕಿದ್ದು. ಈ ನೆಲ ಪೂರ್ತಿ ನಂದೇ. ಬಾಕಿ ಎಲ್ಲ ಸರಿಯಿದೆ, ಬೇಕಾದ್ರೆ ತಟ್ಟಿ ನೋಡಿ. ಇದೊಂದು ಮಾತ್ರ ತಪ್ಪಾಯ್ತು.”

ಮೇಡಂ ಕುರ್ಚಿ ಉರುಳಿಸುವುದನ್ನು ನಿಲ್ಲಿಸಿದರು. ಹೆಂಡತಿ ಬೆರಗಾಗಿ ಅವನನ್ನೇ ನೋಡಿದಳು. ಅವಳಿಗೆ ನೆಲ ಗೊತ್ತಿತ್ತು, ಟೊಳ್ಳು ಗೊತ್ತಿರಲಿಲ್ಲ.

“ಕಾಗದದಲ್ಲಿ ಕಂಟ್ರಾಕ್ಟರ್ ಹೆಸರಿರುತ್ತೆ. ನೀವೇ ಅಂತ ಹೇಗೆ ನಂಬೋದು?”

“ಅದನ್ನ ತೆಗೆದ್ರೆ ಹಿಂದುಗಡೆ ನನ್ನ ಬರಹ ಇರ್ಬೇಕು. ಕೊನೇ ಟೈಲಿನ ಬೆನ್ನ ಮೇಲೆ ಪೆನ್ಸಿಲ್‌ನಲ್ಲಿ ಬರೆಯೋದು ನಮ್ಮ ಸೋದರಮಾವ ಕಲಿಸಿದ್ದು. ತಾರೀಖು, ಎಷ್ಟು ಅಡಿ, ಎಷ್ಟು ಜನ. ಏನಾದ್ರೂ ತಪ್ಪು ಉಳಿದಿದ್ರೆ ಅದೂ. ಮನೆಯವರಿಗೆ ಹೇಳೋಕೆ ಬಾಯಿ ಬರ್ದಿದ್ರೆ ನೆಲಕ್ಕಾದ್ರೂ ಹೇಳು ಅನ್ನೋರು. ಸಾಮಾನ್ಯವಾಗಿ ಗಾರೆ ಅದನ್ನೆಲ್ಲ ತಿಂದುಬಿಡುತ್ತೆ, ಯಾರೂ ಓದೋಕಾಗಲ್ಲ. ಇದರಡಿ ಗಾರೆ ಇಲ್ಲ. ಉಳಿದಿದ್ರೂ ಉಳಿದಿರ್ಬಹುದು.”

ಮೇಡಂ ಪೆನ್ನಿನ ಮುಚ್ಚಳ ತಿರುವಿ ಹಾಕಿದರು. “ಭಾನುವಾರ ಲೈಟಿನ ರಿಪೇರಿಗೆ ಬಾಗಿಲು ತೆಗೀತಿದೀವಿ. ಮ್ಯಾನೇಜರಿಗೆ ನಾನು ಹೇಳಿರ್ತೀನಿ. ಬನ್ನಿ.”

ದಾರಿಯಲ್ಲಿ ಹೆಂಡತಿ ಒಂದೇ ಮಾತು ಆಡಿದಳು. “ಅವತ್ತು ಆಸ್ಪತ್ರೆಗೆ ಮೂರು ಗಂಟೆ ತಡವಾಗಿ ಬಂದ್ರಲ್ಲ, ಈ ನೆಲ ಮುಗಿಸಿ ತಾನೇ?”

“ಹ್ಞೂಂ,” ಅಂದ ಮೇಸ್ತ್ರಿ. ಹನ್ನೊಂದು ವರ್ಷದಿಂದ ಅವನು ಕೊಡುತ್ತ ಬಂದ ಉತ್ತರ ಅದೇ.

ಅದು ಆ ಮನೆಯ ಹಳೇ ನೋವು. ಬ್ಯಾಂಕಿನ ಕೆಲಸದ ಕೊನೆಯ ದಿನವೇ ಮಗಳು ಹುಟ್ಟಿದ್ದು. ಮೇಸ್ತ್ರಿ ಆಸ್ಪತ್ರೆ ಸೇರಿದಾಗ ಮಗುವಿಗೆ ಮೂರು ಗಂಟೆ ವಯಸ್ಸು, ಅವನ ಉಗುರಿನಲ್ಲಿ ಸಿಮೆಂಟು. ಬಾಗಿಲಲ್ಲೇ ಅತ್ತೆ, “ನೆಲ ಮುಗಿಸಿ ಬಂದ್ರಾ?” ಎಂದು ಕೇಳಿದ್ದರು. ಅವನು ಹ್ಞೂಂ ಅಂದಿದ್ದ. ಜಗಳವಾದಾಗಲೆಲ್ಲ, ಹಬೆಯಾಡುವ ಪಾತ್ರೆಯ ಮುಚ್ಚಳ ಎದ್ದ ಹಾಗೆ ಆ ಮಾತು ಏಳುತ್ತಿತ್ತು. ಹೆಂಡತಿ ಜೋರು ಮಾಡುತ್ತಿರಲಿಲ್ಲ. “ನಿಮಗೆ ನೆಲ ಮೊದಲು, ನಾವು ಆಮೇಲೆ” ಎಂದಷ್ಟೇ ಹೇಳಿ ಒಳಗೆ ಹೋಗುತ್ತಿದ್ದಳು. ಜೋರು ಮಾಡಿದ್ದರೆ ಮೇಸ್ತ್ರಿ ತಡೆದುಕೊಳ್ಳುತ್ತಿದ್ದ.

ಭಾನುವಾರ ಬೆಳಿಗ್ಗೆ ಬ್ಯಾಂಕಿನಲ್ಲಿ ಕಾವಲಿನವರು, ಏಣಿಯ ಮೇಲೆ ಒಬ್ಬ ಎಲೆಕ್ಟ್ರಿಷಿಯನ್ನು, ಮೇಡಂ. ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಹೆಂಡತಿಯೂ ಬಂದಿದ್ದಳು. ಮೇಜನ್ನು ಪಕ್ಕಕ್ಕೆ ಸರಿಸಿದರು. ಮೇಸ್ತ್ರಿ ಮೊಣಕಾಲೂರಿ ಕೂತು, ಬೆರಳ ಗೆಣ್ಣಿನಿಂದ ಸುತ್ತಲಿನ ಟೈಲುಗಳನ್ನು ಒಂದೊಂದಾಗಿ ತಟ್ಟಿದ. ಎಲ್ಲವೂ ಗಟ್ಟಿ. ನಡುವಿನದನ್ನು ತಟ್ಟಿದಾಗ ಅವನ ಮುಖ ಸಣ್ಣದಾಯಿತು.

ಸುತ್ತಲಿನ ಸಂದನ್ನು ತೆಳುವಾದ ಅಲಗಿನಿಂದ ಕೊರೆದ. ಟೈಲು ಒಡೆಯದೆ ಬರಬೇಕಿತ್ತು. ಕಾಲು ಗಂಟೆಯಲ್ಲಿ ಆಗುವ ಕೆಲಸಕ್ಕೆ ಒಂದು ಗಂಟೆ ತೆಗೆದುಕೊಂಡ. ಎಲೆಕ್ಟ್ರಿಷಿಯನ್ನು ಏಣಿಯಿಂದ ಇಳಿದು ಬಂದು ನೋಡತೊಡಗಿದ. ಕೊನೆಗೆ ಎರಡು ಬದಿ ಅಲಗು ಕೊಟ್ಟು ಮೆಲ್ಲಗೆ ಮೀಟಿದಾಗ ಟೈಲು ಇಡಿಯಾಗಿ ಎದ್ದಿತು. ಅಡಿಯಲ್ಲಿ ನಾಲ್ಕು ಮೂಲೆಗೆ ನಾಲ್ಕು ಉಂಡೆ ಗಾರೆ. ನಡುವೆ ಬಯಲು.

ಅವನು ಟೈಲು ಮಗುಚಿ ಧೂಳು ಒರೆಸಿದ. ಬೂದುಬಣ್ಣದ ಬೆನ್ನ ಮೇಲೆ ಪೆನ್ಸಿಲ್ಲಿನ ನಾಲ್ಕಾರು ಸಾಲು, ನಿನ್ನೆ ಬರೆದಷ್ಟು ಸ್ಪಷ್ಟ. ಹಾಕಿದ ನೂರಾರು ನೆಲಗಳಲ್ಲಿ ಗಟ್ಟಿಯಾಗಿ ಕೂತ ಟೈಲುಗಳೆಲ್ಲ ಅವನ ಬರಹವನ್ನು ತಿಂದುಹಾಕಿದ್ದವು. ತಪ್ಪು ಹಾಕಿದ್ದೊಂದೇ ಕಾಪಾಡಿಕೊಂಡಿತ್ತು. ಮೇಸ್ತ್ರಿ ಮೊದಲೆರಡು ಸಾಲು ಓದಿದ. ಮುಂದಿನದರ ಮೇಲೆ ಕಣ್ಣು ಬಿದ್ದದ್ದೇ ಟೈಲನ್ನು ಎದೆಗೆ ಒತ್ತಿಕೊಂಡ. ಅದನ್ನು ಬರೆದದ್ದೇ ಅವನಿಗೆ ಮರೆತುಹೋಗಿತ್ತು.

“ಕೊಡಿ, ನೋಡೋಣ,” ಅಂದರು ಮೇಡಂ. ತೆಗೆದುಕೊಂಡು ಕನ್ನಡಕ ಏರಿಸಿದರು, ಇಳಿಸಿದರು. “ಇದೇನು ಅಕ್ಷರ ಮಾರಾಯ್ರೆ. ತಾರೀಖು ಗೊತ್ತಾಗುತ್ತೆ. ಮುಂದಕ್ಕೆ ಆಗ್ತಿಲ್ಲ.”

“ನನಗೆ ಕೊಡಿ ಮೇಡಂ,” ಅಂದಳು ಹೆಂಡತಿ. “ಡಾಕ್ಟರುಗಳ ಬರಹ ಓದಿ ಅಭ್ಯಾಸ ಇದೆ.”

ಅವಳು ಟೈಲನ್ನು ಬೆಳಕಿಗೆ ಹಿಡಿದು ಗಟ್ಟಿಯಾಗಿಯೇ ಓದಿದಳು. “ಸಾವಿರದ ನಾನೂರ ಅರವತ್ತು ಅಡಿ. ಇಬ್ಬರು. ಒಂಬತ್ತು ದಿನ. ಇದರಡಿ ಗಾರೆ ಸಾಲದು, ಟೊಳ್ಳು.” ಅಲ್ಲಿಗೆ ನಿಲ್ಲಿಸಿದಳು.

“ಮುಂದೆ?” ಮೇಡಂ ಕೇಳಿದರು.

ಹೆಂಡತಿ ಓದಿದಳು. ಆದರೆ ಈಗ ದನಿ ಮೇಡಂಗೆ ಓದಿ ಹೇಳುವವಳದ್ದಾಗಿರಲಿಲ್ಲ. “ಮಗು ಹುಟ್ಟಿ ಆಗಲೇ ಎರಡು ಗಂಟೆಯಾಯಿತಂತೆ, ಈಗ ಹೇಳುತ್ತಾರೆ. ಗಂಡೋ ಹೆಣ್ಣೋ ಕೇಳಲಿಲ್ಲ. ಅವಳು ಹುಷಾರಾಗಿದ್ದಾಳಂತೆ. ಕೆಲಸ ಕೆಟ್ಟರೆ ಕೆಡಲಿ, ಹೋಗುತ್ತಿದ್ದೇನೆ. ಬಂದು ಸರಿ ಮಾಡಬೇಕು.”

ಎಲೆಕ್ಟ್ರಿಷಿಯನ್ನು ಸುಮ್ಮನೆ ಹೋಗಿ ಏಣಿ ಹತ್ತಿದ.

“ಕಂಟ್ರಾಕ್ಟರ್ ನನ್ನ ಫೋನು ತನ್ನ ಹತ್ರಾನೇ ಇಟ್ಕೊಂಡಿದ್ದ,” ಅಂದ ಮೇಸ್ತ್ರಿ, ನೆಲ ನೋಡುತ್ತ. “ಆಸ್ಪತ್ರೆಯಿಂದ ಫೋನ್ ಬಂದಿದ್ದನ್ನ, ಹೇಳಿದ್ರೆ ನಾನು ಕೆಲಸ ಬಿಟ್ಟು ಹೋಗ್ತೀನಿ ಅಂತ ಹೇಳಲೇ ಇಲ್ಲ. ಗೊತ್ತಾದಾಗ ಇದೊಂದೇ ಉಳಿದಿತ್ತು. ಬಾಂಡ್ಲಿಯಲ್ಲಿದ್ದ ಗಾರೆ ಒಣಗಿತ್ತು, ಕಲಸೋಕೆ ಮನಸ್ಸಾಗ್ಲಿಲ್ಲ. ನಾಲ್ಕು ಉಂಡೆ ಇಟ್ಟು ಒತ್ತಿ ಓಡಿಬಂದೆ. ಮಾರನೇ ದಿನ ಅವನ ಜೊತೆ ಜಗಳ ಆಯ್ತು. ಆಮೇಲೆ ಇಲ್ಲಿಗೆ ಬರೋಕೆ ಮುಖ ಇರ್ಲಿಲ್ಲ.”

“ನನಗೆ ಹೇಳ್ಬಹುದಿತ್ತಲ್ಲ.”

“ಏನಂತ ಹೇಳ್ಲಿ? ಮುಗಿಸಿ ಬಂದೆ ಅಂದ್ರೆ ನೀನು ಬೈಯೋದು. ಅರ್ಧಕ್ಕೆ ಬಿಟ್ಟು ಬಂದೆ ಅಂದ್ರೆ ನನ್ನನ್ನ ನಾನೇ ಬೈಕೊಳ್ಳೋದು. ನಿನ್ನ ಬೈಗುಳ ವಾಸಿ ಅನ್ನಿಸ್ತು.”

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಸಿಟ್ಟೋ ನಗುವೋ ತಿಳಿಯದ ದನಿಯಲ್ಲಿ, “ಅಷ್ಟು ಅವಸರದಲ್ಲೂ ಕೂತು ಬರೆದ್ರಲ್ಲ, ಆ ಅರ್ಧ ನಿಮಿಷ ಬೇಗ ಬರ್ಬಾರ್ದಿತ್ತಾ?” ಅಂದಳು. ಮೇಡಂ ಆಗ ನಕ್ಕರು, ನಗದೆ ಬಿಟ್ಟಿದ್ದ ಹಿಂದಿನ ಎರಡು ಭೇಟಿಗೂ ಸೇರಿಸಿ.

ಮೇಸ್ತ್ರಿ ಹಳೇ ಗಾರೆ ಕೆತ್ತಿ ತೆಗೆದು, ಹೊಸದನ್ನು ಕಲಸಿ, ಒಂದು ಬೆರಳ ಜಾಗವೂ ಬಿಡದ ಹಾಗೆ ಹರಡಿದ. ತಂದಿದ್ದ ಹೊಸ ಟೈಲಿನ ಬೆನ್ನಿಗೆ ತಾರೀಖು ಬರೆದು, ಕೆಳಗೆ ‘ಸರಿ ಮಾಡಿದೆ’ ಎಂದು ಬರೆದ. ರಬ್ಬರ್ ಸುತ್ತಿಗೆಯಿಂದ ತಟ್ಟಿ ಕೂರಿಸಿ, ರಸಮಟ್ಟ ಇಟ್ಟು ನೋಡಿದ. ಗುಳ್ಳೆ ನಡುವೆ ನಿಂತಿತು.

“ಇದನ್ನ ಫೈಲಿಗೆ ಸೇರಿಸೋಕಾಗಲ್ಲ,” ಎಂದರು ಮೇಡಂ, ಹಳೇ ಟೈಲಿನ ಫೋಟೋ ತೆಗೆದುಕೊಳ್ಳುತ್ತ. “ಆದ್ರೆ ಹಳೇ ಕೆಲಸ ನಾನೇ ಕಣ್ಣಾರೆ ನೋಡಿದೀನಿ ಅಂತ ಬರೀಬಹುದು. ತನ್ನ ತಪ್ಪು ತಾನೇ ಹೇಳಿದ ಅರ್ಜಿದಾರ ಅಂತಾನೂ ಬರೀತೀನಿ. ಅಂಥ ಅರ್ಜಿ ನನ್ನ ಮೇಜಿಗೆ ಇನ್ನೊಂದು ಬಂದಿಲ್ಲ. ಮೇಲಿನವರು ಏನಂತಾರೋ ಗೊತ್ತಿಲ್ಲ.”

ಮೇಲಿನವರು ಹದಿನೆಂಟು ದಿನ ತೆಗೆದುಕೊಂಡರು. ಮೇಸ್ತ್ರಿ ಆ ದಿನಗಳಲ್ಲಿ ಹಾಕಿದ ಸ್ನಾನದ ಮನೆಯಲ್ಲಿ ನೀರು ಎತ್ತ ಹರಿಯಬೇಕೆಂಬುದನ್ನೇ ಮರೆತು ಒಂದು ಸಾಲು ಕಿತ್ತು ಹಾಕಬೇಕಾಯಿತು. ಓನರ್ ಕೊಟ್ಟ ಗಡುವಿಗೆ ಹನ್ನೆರಡು ದಿನ ಉಳಿದಿರುವಾಗ ಸಾಲ ಮಂಜೂರಾದ ಕಾಗದ ಬಂತು. ಕೇಳಿದ್ದರಲ್ಲಿ ಎಂಟರಲ್ಲಿ ಒಂದು ಪಾಲು ಕತ್ತರಿಸಿದ್ದರು. ಕೊರತೆ ಬಿದ್ದದ್ದನ್ನು ಎಲ್ಲಿಂದ ತರುವುದೆಂದು ಗಂಡ ಹೆಂಡತಿ ತಲೆಯ ಮೇಲೆ ಕೈ ಹೊತ್ತು ಕೂತರು. ಡ್ರಿಲ್ ಮಾಸ್ತರರಿಗೆ ವಿಷಯ ತಿಳಿಸಿದಾಗ ಅವರು ಮೇಸ್ತ್ರಿಯನ್ನು ಹೊಸ ಮನೆಯ ಕಟ್ಟಡಕ್ಕೆ ಕರೆದುಕೊಂಡು ಹೋಗಿ, ಬರೀ ಸಿಮೆಂಟಿನ ನೆಲ ತೋರಿಸಿದರು. “ಎರಡು ಮಹಡಿ ಇದೆ. ಕೂಲಿ ನಾನು ಕೊಡಲ್ಲ, ಬಾಕಿ ನೀವು ಕೊಡ್ಬೇಡಿ. ಆದ್ರೆ ಒಂದೂ ಟೊಳ್ಳಿರಬಾರದು.”

“ಇದ್ರೆ ಬರೆದಿಡ್ತೀನಿ ಮಾಸ್ತರೆ,” ಅಂದ ಮೇಸ್ತ್ರಿ.

ಮನೆ ಬದಲಿಸಿದ ದಿನ ಮಗಳ ರಟ್ಟಿನ ಪೆಟ್ಟಿಗೆ ಎಲ್ಲಕ್ಕಿಂತ ಮೊದಲು ಮೂರನೇ ಮಹಡಿ ಹತ್ತಿತು. ಆ ಫ್ಲಾಟಿನ ನೆಲ ಬೇರೆ ಯಾರೋ ಹಾಕಿದ್ದು, ಬಚ್ಚಲ ಕಡೆಗೆ ಒಂದು ಬೆರಳು ವಾಟವಾಗಿ ಇಳಿದಿತ್ತು. ಅದರ ಬಗ್ಗೆ ಒಂದು ತಿಂಗಳು ಬಾಯಿ ಬಿಡಕೂಡದೆಂದು ಹೆಂಡತಿ ಮೊದಲೇ ತಾಕೀತು ಮಾಡಿದ್ದಳು. ಅಡುಗೆಮನೆಯ ಗೋಡೆಯಲ್ಲಿ, ಒಲೆಯ ಪಕ್ಕ, ಒಂದು ಟೈಲು ಬಿದ್ದುಹೋಗಿ ಸಿಮೆಂಟು ಕಾಣುತ್ತಿತ್ತು. ಹೆಂಡತಿ ತನ್ನ ಬಟ್ಟೆಗಳ ನಡುವೆ ಸುತ್ತಿ ತಂದಿದ್ದ ಬ್ಯಾಂಕಿನ ಹಳೇ ಟೈಲನ್ನು ಹೊರತೆಗೆದು ಅವನ ಕೈಗಿಟ್ಟಳು.

“ಇದನ್ನ ಅಲ್ಲಿ ಹಾಕಿ.”

“ಇದು ನೆಲದ್ದು. ದಪ್ಪ ಜಾಸ್ತಿ, ಬಣ್ಣಾನೂ ಹೊಂದಲ್ಲ.”

“ಬಣ್ಣದ ಕಡೆ ಯಾರು ಹಾಕು ಅಂದ್ರು? ಬರೆದ ಕಡೆ ಹೊರಗೆ ಬರ್ಲಿ.”

ಮೇಸ್ತ್ರಿ ಇಪ್ಪತ್ತಮೂರು ವರ್ಷದಲ್ಲಿ ಯಾವ ಟೈಲನ್ನೂ ತಿರುವುಮುರುವಾಗಿ ಹಾಕಿದವನಲ್ಲ. ಅಳತೆಗೆ ಸರಿಯಾಗಿ ಅಂಚು ಕತ್ತರಿಸಿದ. ಬರಹದ ಒಂದಕ್ಷರವೂ ಹೋಗದ ಹಾಗೆ ನೋಡಿಕೊಂಡ. ಈ ಸಲ ಗಾರೆಯನ್ನು ಬಣ್ಣದ ಬದಿಗೆ ಪೂರ್ತಿ ಹರಡಿದ. ಒತ್ತಿ ಕೂರಿಸಿ, ಒದ್ದೆ ಬಟ್ಟೆಯಿಂದ ಅಂಚು ಒರೆಸಿ, ಬೆರಳ ಗೆಣ್ಣಿನಿಂದ ತಟ್ಟಿ ನೋಡಿದ. ಎಲ್ಲೂ ಟೊಳ್ಳಿರಲಿಲ್ಲ.

ಮಗಳು ಪುಸ್ತಕ ಜೋಡಿಸುವುದನ್ನು ಬಿಟ್ಟು ಬಂದು ನಿಂತಳು. “ಉಲ್ಟಾ ಹಾಕ್ಬಿಟ್ಟಿದೀಯಲ್ಲಪ್ಪ.”

“ನಿಮ್ಮಮ್ಮ ಹೇಳಿದ್ದು.”

“ಏನು ಬರೆದಿದೆ ಇದರಲ್ಲಿ? ಒಂದಕ್ಷರಾನೂ ಗೊತ್ತಾಗ್ತಿಲ್ಲ.”

ಹೆಂಡತಿ ಒಲೆಯ ಮೇಲೆ ಚಹಾಕ್ಕೆ ನೀರಿಟ್ಟು, ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು. “ಬಾ, ನಾನು ಓದ್ತೀನಿ,” ಅಂದಳು. “ನೀನು ಹುಟ್ಟಿದ ದಿನ ನಿಮ್ಮಪ್ಪ ಬೇಗ ಬಂದಿದ್ರು. ಅದರ ಕಾಗದ ಇದು.”